ಮಗನಿಗೆ ಸಾಲ, ಕೈದಿಗೆ ಪುಕ್ಕಟೆ ಓದಾ? ಸಿದ್ದಾಪುರದ ಅಕ್ಕನಿಗೆ ಸಂಪಾದಕರ ಉತ್ತರ

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನ ಆಯ್ತು, ತಡ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಉಳಿದ ಓದುಗರಿಗೂ ಗೊತ್ತಾಗ್ಲಿ ಅಂತ ನೀವು ಬರೆದಿದ್ದನ್ನ ಚುಟುಕಾಗಿ ಹೇಳ್ತೇನೆ. ಹೋದ ಸಂಚಿಕೆಯಲ್ಲಿ ಜೈಲಲ್ಲಿ ಕೂತು ಡಿಗ್ರಿ ಓದೋರ ಬಗ್ಗೆ ನಾವು ಹಾಕಿದ ಲೇಖನ ನೋಡಿ ನಿಮಗೆ ಸಿಟ್ಟು ಬಂತು. ಮಗನ ಇಂಜಿನಿಯರಿಂಗ್ ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಿದೀರಿ, ಈ ಮಳೆಗಾಲ ಕೊಳೆ ರೋಗ ಬಂದು ಅರ್ಧ ಅಡಿಕೆ ಮರದ ಬುಡಕ್ಕೇ ಉದುರಿ ಹೋಯ್ತು, ಹಿಂಗಿರುವಾಗ ಕಳ್ಳತನ ಕೊಲೆ ಮಾಡಿದೋರಿಗೆ ಸರ್ಕಾರದ ದುಡ್ಡಲ್ಲಿ ಪುಕ್ಕಟೆ ಓದು ಎಂತಕ್ಕೆ ಅಂತ ಕೇಳಿದೀರಿ.

ಫೀಸಿನ ಸಂಕಟ ಖರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಸಿಟ್ಟು ಜೈಲಿನ ಕಡೆ ತಿರುಗಿದ್ದು ಮಾತ್ರ ನನಗೆ ಒಪ್ಪಿಗೆ ಆಗ್ಲಿಲ್ಲ.

ಮೊದಲು ಒಳಗಿರೋರು ಯಾರು ನೋಡಿ. 2022ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ ಇದ್ರು, ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಜಾಸ್ತಿ ಜನರದ್ದು ಕೇಸೇ ಮುಗಿದಿಲ್ಲ, ಅವರು ತಪ್ಪು ಮಾಡಿದಾರೋ ಇಲ್ವೋ ಅಂತ ಕೋರ್ಟೇ ಇನ್ನೂ ಹೇಳಿಲ್ಲ.

ಹತ್ತು ವರ್ಷದ ಹಿಂದೆ ಘಟ್ಟದ ಕೆಳಗಿನ ಒಂದು ಜೈಲಿಗೆ ನಾನು ಭಾನುವಾರ ಭಾನುವಾರ ಅಕ್ಷರ ಕಲಿಸೋಕೆ ಹೋಗ್ತಿದ್ದೆ. ಅಲ್ಲಿ ಮೀನು ಹಿಡಿಯೋ ಪರ್ಸೀನ್ ಬೋಟಲ್ಲಿ ದುಡೀತಿದ್ದ ಒಬ್ರು ಇದ್ರು, ಐವತ್ತರ ಆಸುಪಾಸು. ಹರಿದ ಬಲೆ ಕೊಟ್ರೆ ಕಣ್ಣು ಮುಚ್ಚಿ ಗಂಟು ಹಾಕೋ ಕೈ ಅದು, ಆದ್ರೆ ಬಳಪ ಹಿಡಿದ್ರೆ ಬಿಗಿ ಹೆಚ್ಚಾಗಿ ಪಟ್ ಅಂತ ಮುರೀತಿತ್ತು. ಸ್ಟೇಷನ್ನಲ್ಲಿ ಎಷ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೋ, ಅದರಲ್ಲಿ ಎಂತ ಬರೆದಿತ್ತು ಅಂತ ಅವರಿಗೇ ಗೊತ್ತಿರ್ಲಿಲ್ಲ. ಮನೆಯಿಂದ ಮಗಳ ಪತ್ರ ಬಂದ್ರೆ ಪಕ್ಕದವನ ಹತ್ರ ಓದಿಸ್ಕೊಳ್ತಿದ್ರು, ಗಂಡನ ಮನೆ ಜಗಳ, ತಾಯಿ ಕಾಯಿಲೆ, ಎಲ್ಲ ಅವನು ಜೋರಾಗಿ ಓದೋದು, ಬ್ಯಾರಕ್ಕಿನ ಇಪ್ಪತ್ತು ಜನ ಕೇಳೋದು. "ಮಾಸ್ತರೇ, ಮಗಳು ನಂಗೆ ಬರೆದದ್ದು, ಊರಿಗೆಲ್ಲ ಗೊತ್ತಾಯ್ತಲ್ಲ" ಅಂತ ಒಂದ್ಸಲ ಅಂದ್ರು. ಮೂರು ತಿಂಗಳಾದ್ಮೇಲೆ ಒಂದು ಭಾನುವಾರ ಗೋಡೆ ಕಡೆ ಮುಖ ಮಾಡಿ ಕೂತು ಬೆರಳಿಟ್ಟು ತಾವೇ ಓದ್ತಿದ್ರು. 'ಪ್ರೀತಿಯ' ಅನ್ನೋದರ ಒತ್ತಕ್ಷರ ಬಗೆಹರೀಲಿಲ್ಲ, ಅದನ್ನ ದಾಟಿ ಮುಂದೆ ಹೋದ್ರು, 'ಅಪ್ಪ' ಸಿಕ್ತು, ಅಲ್ಲೇ ಬೆರಳು ನಿಂತ್ಬಿಡ್ತು. ಇದಕ್ಕೆ ಸರ್ಕಾರಕ್ಕೆ ಬಿದ್ದ ಖರ್ಚು ಒಂದು ಪಾಟಿ, ಒಂದು ಡಬ್ಬಿ ಬಳಪ.

ಇನ್ನು ಡಿಗ್ರಿ ವಿಷಯ. ಇಗ್ನೋ, ಅಂದ್ರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದವರು ಕೈದಿಗಳಿಂದ ಫೀಸ್ ತಗೊಳ್ಳೋದಿಲ್ಲ, ದಿಲ್ಲಿಯ ತಿಹಾರ್ ಜೈಲಲ್ಲಿ 1994ರಿಂದಲೇ ಅವರ ಸ್ಟಡಿ ಸೆಂಟರ್ ಇದೆ. ಆದ್ರೆ ಇದು ದೂರಶಿಕ್ಷಣ ಅಕ್ಕಾ, ಒಳಗೆ ಒಬ್ಬ ಬಿಎ ಓದಿದ ಅಂತ ಹೊರಗಿನ ಹುಡುಗನ ಇಂಜಿನಿಯರಿಂಗ್ ಸೀಟು ಹೋಗೋದಿಲ್ಲ, ಅವನ ಫೀಸು ಏರೋದೂ ಇಲ್ಲ.

ನೀವು ಕೇಳಿದ್ದನ್ನೇ ಅಮೆರಿಕಾದವರು ಮಾಡಿ ನೋಡಿದಾರೆ. ಅಲ್ಲಿ ಬಡ ವಿದ್ಯಾರ್ಥಿಗಳಿಗೆ ಪೆಲ್ ಗ್ರಾಂಟ್ ಅಂತ ಸರ್ಕಾರಿ ನೆರವು ಇದೆ, ಕೈದಿಗಳಿಗೂ ಸಿಗ್ತಿತ್ತು, ಒಟ್ಟು ಹಣದಲ್ಲಿ ಅವರ ಪಾಲು ನೂರಕ್ಕೆ ಒಂದೂ ಇರ್ಲಿಲ್ಲ. ನಮ್ಮ ಮಕ್ಕಳಿಗಿಲ್ಲದ್ದು ಅವರಿಗೆ ಎಂತಕ್ಕೆ ಅಂತ ಗಲಾಟೆ ಎದ್ದು 1994ರಲ್ಲಿ ಕಾನೂನು ಮಾಡಿ ನಿಲ್ಲಿಸಿದ್ರು. ಜೈಲಿನ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದ್ವು. 2013ರಲ್ಲಿ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆಯವರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಒಳಗೆ ಓದಿದವರು ಮತ್ತೆ ಅಪರಾಧಕ್ಕೆ ಇಳಿಯೋ ಸಾಧ್ಯತೆ ಓದದವರಿಗಿಂತ 43% ಕಡಿಮೆ ಇತ್ತು, ಓದಿಗೆ ಹಾಕಿದ ಒಂದೊಂದು ಡಾಲರಿಗೆ ಮೂರು ವರ್ಷದಲ್ಲಿ ನಾಲ್ಕೈದು ಡಾಲರ್ ಜೈಲು ಖರ್ಚು ಉಳೀತಿತ್ತು. ಓದೋ ಮನಸ್ಸಿರೋನು ಹೇಗೂ ಸುಧಾರಿಸ್ತಿದ್ದ ಅಂತ ನೀವು ಹೇಳಬಹುದು, ಸ್ವಲ್ಪ ಮಟ್ಟಿಗೆ ಹೌದು ಕೂಡ, ಆದ್ರೆ ಅಂಥವನಿಗೂ ಪುಸ್ತಕ ಕೊಡೋರು ಬೇಕಲ್ಲ? ಕೊನೆಗೆ 2023ರ ಜುಲೈಯಿಂದ ಆ ನೆರವನ್ನ ಪೂರ್ತಿ ವಾಪಸ್ ಕೊಟ್ರು. ಮಧ್ಯೆ ಹೆಚ್ಚುಕಮ್ಮಿ ಮೂವತ್ತು ವರ್ಷ ಹೋಯ್ತು.

ಕೊಲೆಯಾದವರ ಮನೆಯವರ ಎದುರು ಈ ಡಾಲರ್ ಲೆಕ್ಕ ಹೇಳೋಕೆ ನನಗೆ ಬಾಯಿ ಬರೋದಿಲ್ಲ, ಅವರ ದುಃಖ ಬೇರೆಯೇ. ಆದ್ರೂ ಕೋರ್ಟು ಕೊಡೋ ಶಿಕ್ಷೆ ಇಷ್ಟು ವರ್ಷ ಒಳಗಿರು ಅಂತ, ಅಷ್ಟು ವರ್ಷ ಓದಬೇಡ ಅಂತ ಅಲ್ಲ. ಮತ್ತೆ ಅವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದಿನ ಹೊರಗೆ ಬರ್ತಾರೆ, ನಮ್ಮ ಬಸ್ಸಲ್ಲೇ ಕೂತು ನಮ್ಮ ಊರಿಗೇ ಬರ್ತಾರೆ.

ನಿಮ್ಮ ಮಗನ ಕಾಲೇಜು ಯಾವ್ಯಾವ ಹೆಸರಲ್ಲಿ ಎಷ್ಟೆಷ್ಟು ತಗೊಳ್ತಿದೆ, ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ನಿಂತಿದೆ, ರಸೀದಿಗಳ ಸಮೇತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ತೆಗೆದಿಟ್ಟಿದೇನೆ.