‘ಹೂಂ’ ಅಂದರೆ ಒಪ್ಪಿದ ಹಾಗಲ್ಲ

ಪೊಲೀಸ್ ವಿಚಾರಣೆ ಬಗೆಗಿನ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: “ತಪ್ಪು ಮಾಡದವನು ಮಾಡಿದೆ ಅಂತ ಯಾಕೆ ಒಪ್ಪಿಕೊಳ್ತಾನೆ? ಮಕ್ಕಳಿಗೆ, ಬುದ್ಧಿ ಬೆಳವಣಿಗೆ ಕಡಿಮೆ ಇರುವವರಿಗೆ ಬೇರೆ ನಿಯಮ ಮಾಡಿದರೆ ತಪ್ಪಿತಸ್ಥರಿಗೇ ಅನುಕೂಲ ಅಲ್ವಾ?”

ನನಗೂ ಮೊದಲು ಹಾಗೇ ಅನಿಸುತ್ತಿತ್ತು. ಅನುಮಾನ ಹುಟ್ಟಿಸಿದ್ದು ಲಂಡನ್ನಿನ ಒಂದು ಹಳೇ ಕೇಸು.

1972ರಲ್ಲಿ ಅಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬುವರ ಕೊಲೆಯಾಯಿತು. ಮನೆಗೆ ಬೆಂಕಿಯೂ ಬಿದ್ದಿತ್ತು. ಪೊಲೀಸರು ಮೂವರು ಹುಡುಗರನ್ನು ಹಿಡಿದರು. ಒಬ್ಬನಿಗೆ 18 ವರ್ಷ, ಬುದ್ಧಿ ಮಾತ್ರ ಎಂಟರ ಮಗುವಿನದು. ಉಳಿದಿಬ್ಬರಿಗೆ 15, 14. ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಮನೆಯವರೂ ಇಲ್ಲ, ವಕೀಲರೂ ಇಲ್ಲ. ಮೂವರೂ ಹೇಳಿಕೆ ಕೊಟ್ಟರು, ಶಿಕ್ಷೆಯೂ ಆಯಿತು. ಸಾವಿನ ಹೊತ್ತಿಗೂ ಆ ಹೇಳಿಕೆಗಳಿಗೂ ತಾಳೆಯೇ ಇರಲಿಲ್ಲ. ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿದ್ದು 1975ರಲ್ಲಿ.

ಯಾಕೆ ಒಪ್ಪಿಕೊಳ್ತಾರೆ? ಕಿವಿ ಮಂದವಾದ ಹಿರಿಯರನ್ನು ನೋಡಿ. ಕೇಳಿಸದಿದ್ದರೂ ‘ಹೂಂ’ ಅಂತಾರೆ. ಮತ್ತೆ ಮತ್ತೆ ಕೇಳೋಕೆ ಸಂಕೋಚ. ಠಾಣೆಯಲ್ಲಿ ಕೂತ ಹುಡುಗನಿಗೆ ಆ ಸಂಕೋಚದ ಜೊತೆ ಹೆದರಿಕೆ, ನಿದ್ದೆ, ‘ಒಪ್ಪಿಕೊಂಡರೆ ಮನೆಗೆ ಕಳಿಸ್ತಾರೆ’ ಅನ್ನೋ ಆಸೆ. “ಸುಮ್ನಿರೋ ಹಕ್ಕು ನಿನಗಿದೆ, ಅರ್ಥ ಆಯ್ತಾ?” ಅಂದರೆ ‘ಹೂಂ’ ಅಂತಾನೆ. “ಹಾಗಾದ್ರೆ ನೀನೇ ಹೇಳು, ಏನರ್ಥ?” ಅಂತ ಕೇಳಿ ನೋಡಿ. “ಸುಮ್ನೆ ಗಲಾಟೆ ಮಾಡದೆ ಕೂತ್ಕೋಬೇಕು” ಅಂದರೆ ಆಶ್ಚರ್ಯವಿಲ್ಲ. ನಿಜವಾದ ಅರ್ಥ, ಪ್ರಶ್ನೆಗೆ ಉತ್ತರ ಕೊಡದೆಯೂ ಇರಬಹುದು ಅಂತ.

ಆ ಕೇಸಿನ ಮೇಲೆ ತನಿಖೆ ನಡೆದು, ಇಂಗ್ಲೆಂಡಿನಲ್ಲಿ 1984ರಲ್ಲಿ ಹೊಸ ಕಾನೂನು ಬಂತು. ಅದರ ಪ್ರಕಾರ ಮಕ್ಕಳನ್ನು, ಮಾನಸಿಕವಾಗಿ ದುರ್ಬಲರಾದವರನ್ನು ಪ್ರಶ್ನಿಸುವಾಗ ಒಬ್ಬ ‘ಅಪ್ರೋಪ್ರಿಯೇಟ್ ಅಡಲ್ಟ್’, ಅಂದರೆ ನೆರವಿಗೆ ತಕ್ಕ ದೊಡ್ಡವರೊಬ್ಬರು, ಜೊತೆಗಿರಬೇಕು. ಅಪ್ಪ ಅಮ್ಮ ಆಗಬಹುದು, ಸಮಾಜಸೇವಕರಾಗಬಹುದು. ಪೊಲೀಸರಂತೂ ಆಗುವಂತಿಲ್ಲ. ಸುಮ್ನೆ ಗೊಂಬೆ ಥರ ಕೂರೋದಲ್ಲ ಅವರ ಕೆಲಸ. ಪ್ರಶ್ನೆ ಅರ್ಥವಾಗದಿದ್ದರೆ ಬಿಡಿಸಿ ಹೇಳಬೇಕು, ವಿಚಾರಣೆ ದಾರಿ ತಪ್ಪಿದರೆ ತಡೆದು ಮಾತಾಡಬೇಕು.

ತಪ್ಪಿತಸ್ಥ ಇದರಿಂದ ಪಾರಾಗ್ತಾನಾ? ನನಗೆ ಕಾಣೋದು ಉಲ್ಟಾ. ಹೀಗೆ ಪಡೆದ ನಿಜವಾದ ಹೇಳಿಕೆ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಸುಳ್ಳು ಹೇಳಿಕೆ ನಂಬಿ ಫೈಲು ಮುಚ್ಚಿದರೆ ನಿಜವಾದ ಕೊಲೆಗಾರ ಹೊರಗೇ ಓಡಾಡ್ತಾನೆ.

ಹಾಗಂತ ವ್ಯವಸ್ಥೆ ಪೂರ್ತಿ ಸರಿಯಿದೆ ಅಂತಲ್ಲ. ಪಟಪಟ ಮಾತಾಡುವವನ ಕಷ್ಟ ಪೊಲೀಸರ ಕಣ್ಣಿಗೇ ಬೀಳದಿರಬಹುದು. “ನಿಜ ಹೇಳ್ಬಿಡೋ” ಅಂತ ಪಕ್ಕದಲ್ಲಿ ಕೂತ ಅಪ್ಪನೇ ಗದರಿಸಬಹುದು. ಇನ್ನೊಂದು ವಿಷಯ ಜನ ಮರೀತಾರೆ: ಈ ದೊಡ್ಡವರು ವಕೀಲರ ಬದಲಿಗೆ ಬಂದವರಲ್ಲ. ಅವರ ಹತ್ತಿರ ಹೇಳಿಕೊಂಡದ್ದಕ್ಕೆ ವಕೀಲರ ಜೊತೆಗಿನ ಮಾತಿಗಿರುವ ಗುಟ್ಟಿನ ರಕ್ಷಣೆ ಇಲ್ಲ. ಅದಕ್ಕೇ, ಅವರನ್ನು ಹೊರಗೆ ಕೂರಿಸಿ ವಕೀಲರೊಬ್ಬರ ಜೊತೆಗೇ ಮಾತಾಡಲು ಹುಡುಗನಿಗೆ ಅವಕಾಶ ಕೊಡಬೇಕು ಅಂತಲೂ ಆ ನಿಯಮಗಳಲ್ಲಿದೆ.

— ಸಂಪಾದಕ