ಇಂಜೆಕ್ಷನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ

ಸೋದರಿ,

ಮೂರು ವರ್ಷ ಸ್ಕ್ಯಾನ್, ಮಾತ್ರೆ, ತಪಾಸಣೆ ಎಲ್ಲವೂ ನಿಮಗೇ ನಡೆದವು. ಕೊನೆಗೆ ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಮಾಡಿಸಿದರೆ ಅದರಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಮೊದಲ ಭೇಟಿಯಲ್ಲೇ ಆಗಬೇಕಿದ್ದ ಪರೀಕ್ಷೆ ಅದು. ಓದಿ ಸಂಕಟವಾಯಿತು. ಆಮೇಲೆ ರಕ್ತಪರೀಕ್ಷೆಯಲ್ಲಿ ‘47, ಎಕ್ಸ್‌ಎಕ್ಸ್‌ವೈ’ ಎಂದು ಬಂತು (ಜೀನ್‌ಗಳನ್ನು ಹೊತ್ತ ಎಳೆಗಳಾದ ವರ್ಣತಂತುಗಳು 46ರ ಬದಲು 47 ಇವೆ ಎಂದರ್ಥ), ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಬರೆದುಕೊಟ್ಟರು, “ನಾನು ಪೂರ್ತಿ ಗಂಡಸಲ್ಲವಾ?” ಎಂದು ಕೇಳಿದವರು ಈಗ ಮಾತೇ ಆಡುತ್ತಿಲ್ಲ ಎಂದಿದ್ದೀರಿ.

ಅವರ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಅವರು ಗಂಡಸೇ. ವೃಷಣ ರೂಪುಗೊಳ್ಳುವಂತೆ ಮಾಡುವ ಜೀನ್ ಇರುವುದು ವೈ ವರ್ಣತಂತುವಿನಲ್ಲಿ, ಅದು ಅವರಲ್ಲಿದೆ. ಎಕ್ಸ್ ಎಂದರೆ ‘ಹೆಣ್ಣಿನ ಅಂಶ’ ಅಲ್ಲ. ಪ್ರತಿಯೊಬ್ಬ ಗಂಡಸಿನಲ್ಲೂ ತಾಯಿಯಿಂದ ಬಂದ ಒಂದು ಎಕ್ಸ್ ಇರುತ್ತದೆ, ಇವರಲ್ಲಿ ಇನ್ನೊಂದು ಹೆಚ್ಚಿದೆ, ಅಷ್ಟೆ. ತಂದೆಯ ವೀರ್ಯಾಣುವೋ ತಾಯಿಯ ಅಂಡಾಣುವೋ ತಯಾರಾಗುವಾಗ ಎರಡು ವರ್ಣತಂತುಗಳು ಬೇರ್ಪಡದೆ ಉಳಿದರೆ ಹೀಗಾಗುತ್ತದೆ. ಅದು ಆಕಸ್ಮಿಕ. ಯಾರ ದುರಭ್ಯಾಸವೂ ಅಲ್ಲ, ಯಾರ ಪಾಪವೂ ಅಲ್ಲ.

ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಎಂದು ಹೆಸರು. ಹ್ಯಾರಿ ಕ್ಲೈನ್‌ಫೆಲ್ಟರ್ ಇದರ ಲಕ್ಷಣಗಳನ್ನು 1942ರಲ್ಲಿ ವಿವರಿಸಿದರು; ಕಾರಣ ಹೆಚ್ಚಿನ ಎಕ್ಸ್ ಎಂದು ತಿಳಿದದ್ದು 1959ರಲ್ಲಿ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಮೀಸೆ ಗಡ್ಡ, ದಾಂಪತ್ಯ ಎಲ್ಲ ಸರಿಯಿದ್ದು, ಮಕ್ಕಳಾಗದೆ ಪರೀಕ್ಷೆಗೆ ಹೋದಾಗಲೇ ಎಷ್ಟೋ ಜನರಿಗೆ ಗೊತ್ತಾಗುವುದು. ಗೊತ್ತೇ ಆಗದೆ ಬದುಕು ಮುಗಿಸುವವರೂ ಬಹಳ.

ಈಗ ಆ ಇಂಜೆಕ್ಷನ್ ವಿಷಯ. ಈ ಪತ್ರಕ್ಕೆ ಬೇಗ ಉತ್ತರಿಸಲು ಅದೇ ಕಾರಣ. ಟೆಸ್ಟೋಸ್ಟಿರಾನ್ ಅವರಿಗೆ ಬೇಕಾಗಬಹುದು: ಮೂಳೆ, ಸ್ನಾಯು, ಉತ್ಸಾಹ ಎಲ್ಲಕ್ಕೂ ಅದು ಆಧಾರ. ಆದರೆ ಹೊರಗಿನಿಂದ ಕೊಟ್ಟ ಹಾರ್ಮೋನ್ ಕಂಡ ಮೆದುಳು ವೃಷಣಕ್ಕೆ ಕಳಿಸುವ ಸೂಚನೆಯನ್ನು ತಗ್ಗಿಸುತ್ತದೆ. ಅಲ್ಲಿ ಇಲ್ಲಿ ಅಷ್ಟಿಷ್ಟು ನಡೆಯುತ್ತಿದ್ದ ವೀರ್ಯಾಣು ಉತ್ಪಾದನೆಯೂ ನಿಂತುಹೋಗಬಹುದು. ಮಗು ಬೇಕೆನ್ನುವವರು ಈ ಔಷಧಿಗೆ ಮೊದಲು ಬಂಜೆತನದ ಚಿಕಿತ್ಸೆ ಬಲ್ಲ ಆಂಡ್ರಾಲಜಿಸ್ಟ್ ಅಥವಾ ಯೂರಾಲಜಿಸ್ಟ್ ಅವರನ್ನು ಕಾಣಲೇಬೇಕು. ಇಂಜೆಕ್ಷನ್ ಈಗಾಗಲೇ ಶುರುವಾಗಿದ್ದರೆ ನೀವಾಗಿ ನಿಲ್ಲಿಸಬೇಡಿ, ಈ ವಾರವೇ ಹೋಗಿ ಕೇಳಿ.

ವೀರ್ಯದಲ್ಲಿ ಏನೂ ಕಾಣದಿದ್ದರೂ ವೃಷಣದೊಳಗೆ ಪುಟ್ಟ ಪುಟ್ಟ ಜಾಗಗಳಲ್ಲಿ ವೀರ್ಯಾಣು ಹುಟ್ಟುತ್ತಿರಬಹುದು. ಸೂಕ್ಷ್ಮದರ್ಶಕದ ಕೆಳಗೆ ಅಂಥ ನಾಳಗಳನ್ನು ಹುಡುಕಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಮೈಕ್ರೋ-ಟೀಸೆ ಎನ್ನುತ್ತಾರೆ. ಎಕ್ಸ್‌ಎಕ್ಸ್‌ವೈ ಇರುವವರಲ್ಲಿ ನೂರಕ್ಕೆ 40ರಿಂದ 50 ಜನರಲ್ಲಿ ವೀರ್ಯಾಣು ಸಿಗುತ್ತದೆ. ಸಿಕ್ಕರೆ ಒಂದೊಂದನ್ನೇ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಇದೆ. ಸಿಕ್ಕವರಿಗೆಲ್ಲ ಮಗುವಾಗುತ್ತದೆ ಎಂದು ಹೇಳಲಾರೆ. ಅಂಡಾಣು, ಭ್ರೂಣ, ಗರ್ಭ ಹೀಗೆ ಇನ್ನೂ ಮೆಟ್ಟಿಲುಗಳಿವೆ. ಹೀಗೆ ಹುಟ್ಟಿದ ಬಹುಪಾಲು ಮಕ್ಕಳ ವರ್ಣತಂತುಗಳು ಸರಿಯಾಗಿಯೇ ಇರುತ್ತವೆ, ಆದರೂ ಮೊದಲೇ ಆನುವಂಶಿಕ ಸಲಹೆಗಾರರೊಂದಿಗೆ ಮಾತಾಡಿ. ಸಿಗದಿದ್ದರೆ ದಾನಿಯ ವೀರ್ಯಾಣು, ದತ್ತು ಇವೆ. ಆ ಮಾತು ಆಮೇಲೆ ಸಾಕು.

ನೆರೆಮನೆಯವರೊಬ್ಬರಿಗೆ ಇದೇ ಶಸ್ತ್ರಚಿಕಿತ್ಸೆ ಬೇಡವೆಂದರು, ಏಕೆ ಎಂದೂ ಕೇಳಿದ್ದೀರಿ. ಅವರದು ಬಹುಶಃ ಬೇರೆ ತೊಂದರೆ. ವೈ ವರ್ಣತಂತುವಿನ ಎಝಡ್‌ಎಫ್ ಎಂಬ, ವೀರ್ಯಾಣು ಉತ್ಪಾದನೆಗೆ ಬೇಕಾದ ಭಾಗದಲ್ಲಿ ತುಣುಕು ಕಳಚಿಹೋಗಿರುವುದುಂಟು. ಅದರ ಎ, ಬಿ, ಸಿ ಎಂಬ ಮೂರು ಉಪಭಾಗಗಳಲ್ಲಿ ಎ ಅಥವಾ ಬಿ ಪೂರ್ತಿ ಇಲ್ಲವಾದರೆ ವೀರ್ಯಾಣು ಸಿಗುವ ಆಸೆ ಇಲ್ಲವೆಂದೇ ಹೇಳಬೇಕು. ಸಿ ಮಾತ್ರ ಹೋಗಿದ್ದರೆ ಸಿಗಬಹುದು, ಆದರೆ ಹುಟ್ಟುವ ಗಂಡುಮಗುವಿಗೂ ಅದೇ ಕೊರತೆ ಬರುತ್ತದೆ.

ಮಗುವಿನ ಚಿಂತೆಯಲ್ಲಿ ಯಜಮಾನರ ಆರೋಗ್ಯ ಮರೆಯಬೇಡಿ. ಮೂಳೆ ಸವೆತ, ಸಕ್ಕರೆ ಕಾಯಿಲೆ ಇವರಿಗೆ ಹೆಚ್ಚು ಬರುತ್ತವೆ. ವೀರ್ಯಾಣುವಿನ ಪ್ರಯತ್ನ ಮುಗಿದ ಮೇಲೆ ಟೆಸ್ಟೋಸ್ಟಿರಾನ್ ಬೇಕೇ ಎಂದು ವೈದ್ಯರು ನೋಡಲಿ.

ಅತ್ತೆಯವರಿಗೆ ಹೇಳಬೇಕೇ? ಅದು ನಿಮ್ಮ ಯಜಮಾನರ ದೇಹದ ವಿಷಯ, ಅವರೇ ನಿರ್ಧರಿಸಲಿ. ಆದರೆ “ದೋಷ ಸೊಸೆಯದು” ಎಂಬ ಮಾತು ಮನೆಯಲ್ಲಿ ಮತ್ತೆ ಬಂದರೆ, “ಅವಳದಲ್ಲ” ಎಂದಷ್ಟಾದರೂ ಅವರು ಹೇಳಲಿ. ಈ ಪತ್ರವನ್ನು ಅವರಿಗೆ ಓದಲು ಕೊಡಿ.

ಸಂಪಾದಕ