ಮನೆಯಲ್ಲಿ ಡಯಾಲಿಸಿಸ್ ಹಗಲು ಒಳ್ಳೆಯದೋ ರಾತ್ರಿಯೋ?

ಸೋಮವಾರಪೇಟೆ ಕಡೆಯ ತೋಟದ ಮನೆ, ತಂದೆಯವರಿಗೆ ಮಷೀನನ್ನು ಮನೆಗೇ ತರಿಸುವ ಯೋಚನೆ, ಡಾಕ್ಟರು ಹಗಲಾದರೂ ಸರಿ ರಾತ್ರಿಯಾದರೂ ಸರಿ ಎಂದಿದ್ದಾರೆ, ಯಾವುದು ವಾಸಿ ಎಂದು ಕೇಳಿದ್ದೀರಿ. ನಾನು ವಿರಾಜಪೇಟೆ ತಾಲ್ಲೂಕಿನವನು. ಮನೆಯಲ್ಲೇ ಡಯಾಲಿಸಿಸ್ ಶುರುಮಾಡಿ ಇದು ನಾಲ್ಕನೇ ವರ್ಷ. ಎರಡನ್ನೂ ಮಾಡಿದ್ದೇನೆ, ಈಗಲೂ ಎರಡನ್ನೂ ಮಾಡುತ್ತೇನೆ. ಕಾವೇರಿ ಸಂಕ್ರಮಣ ಕಳೆದ ಮೇಲೆ ರಾತ್ರಿ, ಮಳೆ ಹಿಡಿಯಿತೆಂದರೆ ಹಗಲು.

ಮೈಯನ್ನು ಕೇಳಿದರೆ ರಾತ್ರಿಯೇ ಬೇಕು ಅನ್ನುತ್ತದೆ. ಮೈಯಲ್ಲಿ ಸೇರಿದ 2.4 ಲೀಟರ್ ನೀರು ತೆಗೆಯಬೇಕಿದೆ ಅಂದುಕೊಳ್ಳಿ. ಹಗಲಿನ ನಾಲ್ಕು ಗಂಟೆಯಲ್ಲಾದರೆ ಗಂಟೆಗೆ 600 ಮಿಲಿ ಎಳೆಯಬೇಕು. ರಾತ್ರಿ ಎಂಟು ಗಂಟೆ ಸಿಕ್ಕರೆ 300 ಸಾಕು. ಆಸ್ಪತ್ರೆಗೆ ಹೋಗುತ್ತಿದ್ದ ಕಾಲದಲ್ಲಿ ಮೂರನೇ ಗಂಟೆಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಬಿಪಿ ಇಳಿಯುತ್ತಿತ್ತು, ಮನೆಗೆ ಬಂದು ಬಿದ್ದುಕೊಂಡರೆ ಮಾರನೇ ದಿನವೇ ಏಳುತ್ತಿದ್ದುದು. ಈಗ ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಗ್ಗೆ ಸೂಜಿ ತೆಗೆದು, ತಿಂಡಿ ತಿಂದು, ಕಣಕ್ಕೆ ಹೋಗಿ ನಿಲ್ಲುತ್ತೇನೆ. ಮಾಂಸ, ಹಾಲಿನಂಥ ಊಟದಿಂದ ಮೈಯಲ್ಲಿ ಸೇರುವ ಪಾಸ್ಫರಸ್ ರಕ್ತಕ್ಕೆ ಬರುವುದೇ ನಿಧಾನ, ಅದನ್ನು ತೊಳೆಯಲು ಹೊತ್ತು ಬೇಕು. ರಾತ್ರಿ ಶುರುವಾದ ಮೇಲೆ ಅದನ್ನು ತಡೆಯಲು ಊಟದ ಜೊತೆ ನುಂಗುವ ಮಾತ್ರೆಗಳನ್ನು ಡಾಕ್ಟರೇ ಕಡಿಮೆ ಮಾಡಿದರು. ಹಾಗಂತ ಪಂದಿ ಕರಿ ಬೇಕಾದಷ್ಟು ಅಂತಲ್ಲ. ನನ್ನಾಕೆ ಎರಡು ತುಂಡು ಬಡಿಸಿ ಪಾತ್ರೆ ಎತ್ತಿಬಿಡುತ್ತಾಳೆ.

ಒಂದು ಮಾತು: ಹಗಲೋ ರಾತ್ರಿಯೋ, ದಿನ ಬಿಟ್ಟು ದಿನ ಮಾಡಿಸಿ. ಆಸ್ಪತ್ರೆಯ ವಾರಕ್ಕೆ ಮೂರರ ಲೆಕ್ಕದಲ್ಲಿ ಒಂದು ಕಡೆ ಎರಡು ದಿನದ ಬಿಡುವು ಬೀಳುತ್ತದಲ್ಲ, ಹೃದಯಕ್ಕೆ ಹೆಚ್ಚು ಹೊರೆ ಅದೇ.

ಇನ್ನು ನಮ್ಮ ಊರಿನ ಕಥೆ. ಮೊದಲ ವರ್ಷ ಹುಮ್ಮಸ್ಸಿನಲ್ಲಿ ಮಳೆಗಾಲದಲ್ಲೂ ರಾತ್ರಿಯೇ ಹಾಕಿದೆ. ಆಗಸ್ಟಿನ ಒಂದು ರಾತ್ರಿ ಎರಡು ಗಂಟೆಗೆ ಎಲ್ಲೋ ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಮಷೀನಿನ ಬ್ಯಾಟರಿ ರಕ್ತದ ಪಂಪನ್ನು ಸ್ವಲ್ಪ ಹೊತ್ತು ತಿರುಗಿಸುತ್ತದೆ, ಅಷ್ಟೇ. ನೀರು ಕಾಯಿಸುವ ಹೀಟರನ್ನು ಮನೆಯ ಇನ್ವರ್ಟರು ಎಳೆಯುವುದಿಲ್ಲ. ಜನರೇಟರ್ ಇತ್ತು, ಶೆಡ್ಡಿನಲ್ಲಿ. ನನ್ನ ಕೈಯಲ್ಲಿ ಎರಡು ಸೂಜಿ. ನನ್ನಾಕೆ ಶೆಡ್ಡಿಗೆ ಓಡಿದರೆ ನನ್ನ ಹತ್ತಿರ ಯಾರು? ಕಡೆಗೆ ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು, ಪಂಪಿನ ಹಿಡಿಯನ್ನು ಕೈಯಲ್ಲೇ ತಿರುಗಿಸಿ ರಕ್ತ ವಾಪಸು ಕೊಡಲು ನೋಡಿದಳು. ಅಷ್ಟರಲ್ಲಿ ಡಯಾಲಿಸರಿನಲ್ಲಿ, ಅಂದರೆ ರಕ್ತ ಸೋಸುವ ಕೊಳವೆಯಲ್ಲಿ, ರಕ್ತ ಹೆಪ್ಪುಗಟ್ಟಿತ್ತು. ಲೈನಿನಲ್ಲಿದ್ದ ರಕ್ತ, ಹತ್ತಿರ ಹತ್ತಿರ 200 ಮಿಲಿ, ಎಸೆದೆವು. ಟೆಕ್ನೀಷಿಯನ್ ಫೋನಿನಲ್ಲಿ ಹೇಳಿಕೊಟ್ಟನೇ ಹೊರತು ಬರುವಂತಿರಲಿಲ್ಲ: ದಾರಿಯಲ್ಲಿ ಮರ, ತೋಟದಲ್ಲಿ ಆನೆ. ಹಗಲಾಗಿದ್ದರೆ ತೋಟದ ಕೆಲಸದವರ ಲೈನ್‌ಮನೆಯಿಂದ ಯಾರಾದರೂ ಬಂದು ಜನರೇಟರ್ ಹಾಕುತ್ತಿದ್ದರು.

ನೀರೂ ಹಾಗೆಯೇ. ರಕ್ತ ತೊಳೆಯುವ ದ್ರಾವಣಕ್ಕೆ ನಿಮಿಷಕ್ಕೆ 300 ಮಿಲಿಯಂತೆ ಎಂಟು ಗಂಟೆಗೆ 144 ಲೀಟರ್ ಶುದ್ಧ ನೀರು ಬೇಕು, ನೀರು ಶುದ್ಧಮಾಡುವ ಆರ್‌ಓ ಮಷೀನು ಹೊರಗೆ ಬಿಡುವುದು ಬೇರೆ. ಮಳೆಗಾಲದಲ್ಲಿ ಬಾವಿ ನೀರು ಕೆಂಪಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರಂತೂ ಎಚ್ಚರ: ಕ್ಲೋರಿನ್ ಫಿಲ್ಟರ್ ದಾಟಿ ಬಂದರೆ ರಕ್ತಕಣ ಒಡೆಯುತ್ತವೆ. ಪ್ರತಿ ಸಲ ಶುರುವಿಗೆ ಮೊದಲು ಕ್ಲೋರಿನ್ ಪರೀಕ್ಷೆಯ ಪಟ್ಟಿಯನ್ನು ನೀರಿಗೆ ಅದ್ದಿ ನೋಡುವುದನ್ನು ಬಿಡಬೇಡಿ.

ರಾತ್ರಿ ಮಾಡುವುದಾದರೆ ನನಗಿರುವ ನಿಜವಾದ ಹೆದರಿಕೆ ಸೂಜಿ ಜಾರುವುದು. ಮಷೀನಿನ ಅಲಾರಂ ಎಲ್ಲ ಸಲವೂ ಅದನ್ನು ಹಿಡಿಯುವುದಿಲ್ಲ. ಒದ್ದೆಯಾದರೆ ಕೂಗುವ ಸೆನ್ಸರ್ ಸಿಗುತ್ತದೆ, ಅದನ್ನು ಸೂಜಿಯ ಹತ್ತಿರವೇ ಅಂಟಿಸುತ್ತೇವೆ. ಇನ್ನು ಡಿಸೆಂಬರ್ ಚಳಿಗೆ ಎರಡು ಕಂಬಳಿ ಹೊದ್ದರೂ ಫಿಸ್ಟುಲಾ (ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಹಿಗ್ಗಿಸಿದ ರಕ್ತನಾಳ) ಇರುವ ಕೈ ಮಾತ್ರ ಹೊರಗೇ ಇರಬೇಕು, ಕಣ್ಣಿಗೆ ಕಾಣಬೇಕು. ಮೊದಮೊದಲು ಆ ಕೈ ಮರಗಟ್ಟಿ ನಿದ್ದೆಯೇ ಬರುತ್ತಿರಲಿಲ್ಲ. ಈಗ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಸೂಜಿಯ ಜಾಗ ಬಿಟ್ಟು ಮೇಲಕ್ಕೂ ಕೆಳಕ್ಕೂ ಹಾಕಿಕೊಳ್ಳುತ್ತೇನೆ.

ನೀವು ತಂದೆಯವರ ವಿಷಯ ಮಾತ್ರ ಬರೆದಿದ್ದೀರಿ, ಪಕ್ಕದಲ್ಲಿ ಮಲಗುವವರು ಯಾರು ಅಂತ ಬರೆದಿಲ್ಲ. ತಾಯಿಯವರೇ ಆಗಿದ್ದು, ಕಿವಿ ಮಂದ ಇದ್ದರೆ ರಾತ್ರಿಯ ಮಾತೇ ಬೇಡ. ನಾನು ಮಗ್ಗುಲು ಬದಲಿಸಿ ಲೈನು ಮಡಚಿದರೂ ಅಲಾರಂ ಆಗುತ್ತದೆ; ನನಗಿಂತ ಮೊದಲು ಏಳುವವಳು ಅವಳು. ಮಳೆಗಾಲದ ಹಗಲು ಡಯಾಲಿಸಿಸ್‌ನಿಂದ ನನಗೆ ಸುಸ್ತು, ಅವಳಿಗೆ ನಾಲ್ಕು ತಿಂಗಳ ನಿದ್ದೆ. ಈ ಲೆಕ್ಕವನ್ನು ನಮ್ಮ ಡಾಕ್ಟರು ಹಾಕಿರಲಿಲ್ಲ.

ಕರೆಂಟು ತೀರಾ ಹದಗೆಟ್ಟಿದ್ದರೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಬಗ್ಗೆಯೂ ಕೇಳಿ. ಕೈಯಿಂದ ಚೀಲ ಬದಲಿಸುವ ವಿಧಕ್ಕೆ ಮಷೀನೂ ಬೇಡ, ಆರ್‌ಓ ಕೂಡ ಬೇಡ.

ನನ್ನ ಹಾಗೆ ಎರಡೂ ಮಾಡುವುದಾದರೆ ಡಾಕ್ಟರಿಂದ ಹಗಲಿಗೊಂದು, ರಾತ್ರಿಗೊಂದು ಚೀಟಿ ಬರೆಸಿಕೊಳ್ಳಿ. ರಕ್ತದ ವೇಗ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ದ್ರಾವಣ ಎಲ್ಲ ಬದಲಾಗುತ್ತದೆ, ನೀವಾಗಿ ಗಂಟೆ ಹೆಚ್ಚುಕಮ್ಮಿ ಮಾಡಬೇಡಿ. ಅದಕ್ಕೂ ಮೊದಲು ಒಂದು ನೋಟ್‌ಬುಕ್ ಸ್ವಿಚ್‌ಬೋರ್ಡಿನ ಹತ್ತಿರ ನೇತುಹಾಕಿ, ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು ಅಂತ ಎರಡು ತಿಂಗಳು ಬರೆದಿಡಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.